ಕೊಳೆ ಕಳೆಯುವ ನೊರೆ

ಗಾಳಿ ಜೋರಾಗಿರುವ ದಿನ ಕಡಲ ತೀರದಲ್ಲಿ ಬಿಳಿಯ, ಕೆಲವೊಮ್ಮೆ ಕಂದು ಬಣ್ಣದ ನೊರೆ ರಾಶಿ ಬೀಳುವುದನ್ನು ನೋಡಿದ್ದೀರಲ್ಲವೆ? ಪಾಚಿ ಮತ್ತಿತರ ಜೀವಿಗಳಿಂದ ನೀರಿಗೆ ಸೇರಿದ ಪ್ರೋಟೀನ್ ಮುಂತಾದ ಸಾವಯವ ವಸ್ತುಗಳೇ ಅದಕ್ಕೆ ಕಾರಣ. ಸಮುದ್ರ ತನ್ನ ಕೊಳೆಯಲ್ಲಿ ಒಂದಿಷ್ಟನ್ನು ಹೀಗೆ ದಡಕ್ಕೆ ತಳ್ಳುತ್ತದೆ. ಆದರೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲ ಮೀನು ಸಾಕುವವರಿಗೆ ದಡವೆಲ್ಲಿ? ಅಲ್ಲಿ ದಡದ ಕೆಲಸ ಮಾಡುವ ಉಪಕರಣವೇ ಪ್ರೋಟೀನ್ ಸ್ಕಿಮ್ಮರ್.

ಮೀನು ತಿಂದು ಬಿಟ್ಟ ಆಹಾರ, ಮಲ, ಲೋಳೆ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ನೇರ ವಿಷ. ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಹೆಚ್ಚಿದರೆ ಪಾಚಿ ಹಬ್ಬುತ್ತದೆ. ಕೊಳೆಯುವ ಮೊದಲೇ ಕಸವನ್ನು ಎತ್ತಿ ಹಾಕುವುದು ಸ್ಕಿಮ್ಮರಿನ ಹೆಚ್ಚುಗಾರಿಕೆ.

ಇದರ ತತ್ತ್ವ ಸರಳ. ಪ್ರೋಟೀನ್ ಅಣುವಿನ ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ದೂರ ಸರಿಯುವ ಭಾಗ ಗಾಳಿಯ ಗುಳ್ಳೆಗೆ ಅಂಟಿಕೊಳ್ಳುತ್ತದೆ. ಗುಳ್ಳೆಗಳು ಚಿಕ್ಕದಾದಷ್ಟೂ ಅಂಟಲು ಜಾಗ ಹೆಚ್ಚು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಕಡಲ ನೀರಿನಲ್ಲಿ ಗುಳ್ಳೆಗಳು ಒಂದರೊಳಗೊಂದು ಸೇರಿ ದೊಡ್ಡದಾಗುವುದು ಕಡಿಮೆ. ಸಿಹಿನೀರಿನ ತೊಟ್ಟಿಗಳಲ್ಲಿ ಈ ಉಪಕರಣ ಅಷ್ಟಾಗಿ ಉಪಯೋಗಕ್ಕೆ ಬಾರದಿರುವುದು ಇದರಿಂದಲೇ.

ಹದ ತಪ್ಪುವುದೇಕೆ?

ಒಂದು ದಿನ ಬಟ್ಟಲು ತುಂಬಿ ಉಕ್ಕುತ್ತದೆ, ಮರುದಿನ ಹನಿ ನೊರೆಯೂ ಬಾರದು. ಹಲವರ ದೂರು ಇದು. ಕೂಡಲೇ ವಾಲ್ವ್ ತಿರುಗಿಸುವುದು ಎಲ್ಲರ ಅಭ್ಯಾಸ. ಆದರೆ ದೋಷ ಬಹುಪಾಲು ನೀರಿನ ಮಟ್ಟದಲ್ಲಿರುತ್ತದೆ. ಮುಖ್ಯ ತೊಟ್ಟಿಯ ಕೆಳಗಿಡುವ ಸಣ್ಣ ತೊಟ್ಟಿಯಲ್ಲಿ ಸ್ಕಿಮ್ಮರ್ ನಿಂತಿರುತ್ತದೆ. ನೀರು ಆವಿಯಾಗಿ ಅಲ್ಲಿನ ಮಟ್ಟ ಒಂದೆರಡು ಸೆಂಟಿಮೀಟರ್ ಇಳಿದರೂ ನೊರೆ ಕುಸಿಯುತ್ತದೆ. ಸ್ಕಿಮ್ಮರ್ ಇರುವ ಭಾಗಕ್ಕೆ ಗಾಜಿನ ಅಡ್ಡಗೋಡೆ ಕಟ್ಟಿದರೆ ಅಲ್ಲಿ ಮಟ್ಟ ಬದಲಾಗದು. ಇಳಿತವೆಲ್ಲ ಪಕ್ಕದ ಭಾಗದಲ್ಲಿ ಆಗುತ್ತದೆ.

ಹೊಸ ಸ್ಕಿಮ್ಮರ್ ಪಳಗಲು ಕೆಲವು ದಿನಗಳಿಂದ ಎರಡು ವಾರ ಹಿಡಿಯಬಹುದು. ಮೊದಲು ನೀರು ಹೊರಹೋಗುವ ವಾಲ್ವನ್ನು ಪೂರ್ತಿ ತೆರೆದು, ನಂತರ ಸ್ವಲ್ಪ ಸ್ವಲ್ಪವೇ ಮುಚ್ಚಬೇಕು. ಗುಳ್ಳೆ ತುಂಬಿದ ನೀರು ಮುಗಿದು ನೊರೆ ಆರಂಭವಾಗುವ ಗೆರೆ ಬಟ್ಟಲಿನ ಕತ್ತಿನ ಬುಡಕ್ಕೆ ಬಂದರೆ ಸಾಕು. ಒಮ್ಮೆ ತಿರುಗಿಸಿದ ಮೇಲೆ ಒಂದು ದಿನವಾದರೂ ಕಾಯಬೇಕು.

ಕೈಯ ಎಣ್ಣೆ, ಕೊಬ್ಬಿನ ಆಹಾರ ನೀರಿಗೆ ಸೇರಿದರೆ ನೊರೆ ಕೆಲ ಗಂಟೆ ಕುಸಿಯುತ್ತದೆ. ಕೆಲವು ಔಷಧಿಗಳು ಬಿದ್ದರೆ ಉಕ್ಕುತ್ತದೆ. ಇವು ತಾವಾಗಿ ಸರಿಹೋಗುತ್ತವೆ. ಬಟ್ಟಲಿನ ಕತ್ತಿಗೆ ಅಂಟಿದ ಜಿಡ್ಡನ್ನು ವಾರಕ್ಕೆ ಎರಡು ಮೂರು ಬಾರಿ ಒರೆಸಬೇಕು. ಗಾಳಿ ಕೊಳವೆಯ ಬಾಯಲ್ಲಿ ಹರಳುಗಟ್ಟುವ ಉಪ್ಪನ್ನು ಬೆಚ್ಚಗಿನ ಸಿಹಿನೀರಿನಿಂದ ಕರಗಿಸಬೇಕು.

ವಿದ್ಯುತ್ ಹೋದಾಗ ಇನ್ನೊಂದು ಅಪಾಯವಿದೆ. ಪಂಪ್ ನಿಂತಾಗ ಮೇಲಿನ ನೀರು ಕೆಳತೊಟ್ಟಿಗೆ ಇಳಿದು ಮಟ್ಟ ಏರುತ್ತದೆ. ವಿದ್ಯುತ್ ಬಂದೊಡನೆ ಸ್ಕಿಮ್ಮರ್ ಉಕ್ಕಿ, ಬಟ್ಟಲಿನ ಕೊಳೆಯೆಲ್ಲ ಮರಳಿ ನೀರಿಗೆ ಬೀಳಬಹುದು. ಮುಖ್ಯ ಪಂಪ್ ಓಡಿ ಮಟ್ಟ ಇಳಿದ ಮೇಲೆ ಸ್ಕಿಮ್ಮರ್ ಚಾಲೂ ಮಾಡುವುದು ಕ್ಷೇಮ.

ತೆಳು ಚಹಾದಂಥ ನೀರು ಬಟ್ಟಲಿಗೆ ಬರುತ್ತಿದ್ದರೆ ಕೊಳೆಯೊಂದಿಗೆ ಉಪ್ಪೂ ಹೋಗುತ್ತಿದೆ ಎಂದರ್ಥ. ಅದಕ್ಕೆ ಬದಲು ಬರೀ ಸಿಹಿನೀರು ಸುರಿದರೆ ಲವಣಾಂಶ ಇಳಿದೀತು. ಅದನ್ನು ಆಗಾಗ ಅಳೆಯುವುದು ಅಗತ್ಯ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಹಲವು ಸ್ಕಿಮ್ಮರ್‌ಗಳನ್ನು ಪರೀಕ್ಷಿಸಿದರು. ನೀರಿನಲ್ಲಿರುವ ಸಾವಯವ ಇಂಗಾಲದಲ್ಲಿ ಅವು ತೆಗೆಯಬಲ್ಲುದು ಹೆಚ್ಚೆಂದರೆ ಮೂರನೆಯ ಒಂದು ಭಾಗದಷ್ಟು ಎಂದು ಕಂಡುಬಂತು. ಹಾಗಾಗಿ ಸ್ಕಿಮ್ಮರ್ ಇದೆಯೆಂದು ನೀರು ಬದಲಿಸುವುದನ್ನು ಬಿಡುವಂತಿಲ್ಲ; ಇನ್ನೂ ಹೆಚ್ಚು ನೊರೆ ಬರಲೆಂದು ದಿನವೂ ವಾಲ್ವ್ ತಿರುಗಿಸಿ ಪ್ರಯೋಜನವೂ ಇಲ್ಲ.