ಅಂಜೂರದ ತೋಟದ ಏರು, ದವಡೆಯ ನೋವು

ಈ ಸಲ ಮಾತ್ರೆಗಳ ವಿಷಯ ಕಡಿಮೆ, ತೋಟದ ವಿಷಯ ಹೆಚ್ಚು.

ಪುಣೆಯಿಂದ ದಿವೆ ಘಾಟ್ ಹತ್ತಿದರೆ ಸಾಸವಡ. ಅಲ್ಲಿನ ಪುರಂದರ ತಾಲೂಕಿನ ಅಂಜೂರ, ಸೀತಾಫಲ ಮುಂಬೈ-ಪುಣೆಯವರು ತಿಂದೇ ಇರುತ್ತೀರಿ. ಧಾರವಾಡದಿಂದ ಆ ಕಡೆಗೆ ಸೊಸೆಯಾಗಿ ಬಂದ ಅಕ್ಕ ಒಬ್ಬರಿದ್ದಾರೆ, ವಯಸ್ಸು 66. ಹೆಸರು ಹಾಕಬೇಡ ಎಂದಿದ್ದಾರೆ. ಮೂವತ್ತು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದವರು. ಬೈಪಾಸ್ ಆದವರ ಎದೆಗೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸುವುದು, ಕೈ ಹಿಡಿದು ಮೆಟ್ಟಿಲು ಹತ್ತಿಸುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಮನೆತನದ ಎರಡೆಕರೆ ತೋಟ ನೋಡಿಕೊಳ್ಳುತ್ತಿದ್ದಾರೆ.

ಕಳೆದ ವರ್ಷ ನನ್ನ ಹತ್ತಿರ ಬಂದರು. "ತಮ್ಮಾ, ಬಾವಿಯಿಂದ ಏರು ಹತ್ತೂಮುಂದ ಅಷ್ಟ ದವಡಿ ಹಿಡಿತದ. ಐದು ನಿಮಿಷ ಕುಂತ್ರ ಬಿಡ್ತದ. ಹಲ್ಲಿನ ಡಾಕ್ಟರಿಗೆ ತೋರಿಸಿದೆ, ಹಲ್ಲು ಬರೋಬ್ಬರಿ ಅದಾವಂತ."

ಸಾವಿರಾರು ಹೃದ್ರೋಗಿಗಳನ್ನು ನಡೆಸಿದವರಿಗೇ ತಮ್ಮ ಹೃದಯದ ಮಾತು ತಿಳಿಯಲಿಲ್ಲ. ಎದೆ ನೋಯಲೇ ಇಲ್ಲವಲ್ಲ! ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗಾಗುವುದುಂಟು: ದವಡೆ, ಬೆನ್ನು, ಭುಜ, ಹೊಟ್ಟೆಯ ಮೇಲ್ಭಾಗ, ಇಲ್ಲವೇ ಬರೀ ಏದುಸಿರು. ಶ್ರಮಪಟ್ಟಾಗ ಬಂದು, ಕುಳಿತರೆ ಹೋಗುವ ತೊಂದರೆ ಎಲ್ಲಿದ್ದರೂ ಹೃದಯದ ಮೇಲೆ ಅನುಮಾನ ಪಡಬೇಕು. ಅಕ್ಕನ ಇಸಿಜಿ ನಾರ್ಮಲ್ ಇತ್ತು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಹಾಗಿರಬಹುದು, ಅದೊಂದನ್ನೇ ನಂಬಿ ಮನೆಗೆ ಹೋಗಬೇಡಿ. ಆಂಜಿಯೋಗ್ರಫಿಯಲ್ಲಿ ಮುಂಭಾಗದ ದೊಡ್ಡ ರಕ್ತನಾಳ ಬಹಳ ಕಿರಿದಾಗಿತ್ತು. ಸ್ಟೆಂಟ್ ಹಾಕಿದೆವು.

ಆಮೇಲೆ ನಾನೊಂದು ತಪ್ಪು ಮಾಡಿದೆ. "ಮೂರು ತಿಂಗಳು ತೋಟದ ಕಡೆ ಹೋಗಬೇಡಿ ಅಕ್ಕಾ" ಅಂದೆ. "ನಿಮ್ಮ ಪೇಶಂಟ್‌ಗಳನ್ನ ಇಷ್ಟು ವರ್ಷ ನಡಿಸಿದಾಕಿಗೆ ಕುಂಡ್ರು ಅಂತೀಯಲ್ಲೋ!" ಎಂದು ಬೈದರು. ಬೈದದ್ದು ಸರಿಯೇ. ಚಿಕಿತ್ಸೆಯ ನಂತರ ಹಂತಹಂತವಾಗಿ ಹೆಚ್ಚಿಸುವ ನಡಿಗೆಯೂ ಔಷಧವೇ.

ಅವರ ಲೆಕ್ಕ ಹೀಗಿತ್ತು. ಮೊದಲ ವಾರ ಸಮತಟ್ಟಾದ ಬದುವಿನ ಮೇಲೆ ಹತ್ತು ನಿಮಿಷ, ನಂತರ ಸ್ವಲ್ಪ ಸ್ವಲ್ಪ ಜಾಸ್ತಿ. ಏರು ಕೊನೆಗೆ. ನಡೆಯುವಾಗ ಮಾತಾಡಲು ಆಗಬೇಕು, ಮಾತು ತುಂಡಾದರೆ ನಿಲ್ಲಬೇಕು. ಬುಟ್ಟಿ ಅರ್ಧ ಮಾತ್ರ ತುಂಬುವುದು, ಎತ್ತುವಾಗ ಉಸಿರು ಬಿಡುವುದು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಬಿಪಿ ಒಮ್ಮೆಲೇ ಏರುತ್ತದೆ. (ಗ್ಯಾಸ್ ಸಿಲಿಂಡರ್ ಎಳೆಯುವವರಿಗೂ ಇದೇ ಮಾತು.) ಕುಕ್ಕರಗಾಲಲ್ಲಿ ಕಳೆ ಕೀಳುವ ಬದಲು ಮಣೆ ಹಾಕಿ ಕೂರುತ್ತಾರೆ, ನಿಧಾನ ಏಳುತ್ತಾರೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಫಕ್ಕನೆ ಎದ್ದರೆ ತಲೆ ಸುತ್ತಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇರುವುದರಿಂದ ಕತ್ತರಿ ತಾಗಿದರೆ ರಕ್ತ ಬೇಗ ನಿಲ್ಲದು, ಬಟ್ಟೆಯಿಂದ ಒತ್ತಿ ಹಿಡಿಯುತ್ತಾರೆ. ಆದರೆ ಆ ಮಾತ್ರೆಯನ್ನು ಒಂದು ದಿನವೂ ತಾವಾಗಿ ಬಿಟ್ಟಿಲ್ಲ. ಬಿಟ್ಟರೆ ಸ್ಟೆಂಟ್ ಮುಚ್ಚಿಹೋಗಬಹುದು.

ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಕ್ಕನಿಗೆ ಅದು ಮೂರು ದಿನದ ಕೆಲಸ. ಫ್ಲ್ಯಾಟಿನಲ್ಲಿರುವ ನಮಗೆ ಬಿಲ್ಡಿಂಗ್ ಸುತ್ತುವುದೇ ತೋಟ. ಕುಳಿತ ಮೇಲೂ ನೋವು ಹೋಗದಿದ್ದರೆ, ಬೆವರು ಬಂದರೆ, ಮಕ್ಕಳು ಆಫೀಸಿನಿಂದ ಬರಲಿ ಎಂದು ಕಾಯಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ.

ಮೊನ್ನೆ ಅಂಜೂರದ ಬುಟ್ಟಿ ಬಂತು. ಮೇಲೊಂದು ಚೀಟಿ: "ಅವ್ವಗ ಸಕ್ಕರಿ ಅದ, ಎರಡ ಕೊಡು. ನೀನೂ ಲಿಫ್ಟ್ ಬಿಟ್ಟು ಹತ್ತು."