ಮಾದರಿ ಯುದ್ಧನೌಕೆಗಳ ನಿರ್ಮಾಣ

ತನ್ನ ದೃಷ್ಟಿಗೆ ಮೀರಿದ ವಸ್ತುವನ್ನು ಕಿರಿದುಮಾಡಿ ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಉಪಾಧ್ಯಾಯಿನಿಯು ಮೇಜಿನ ಮೇಲೆ ತಿರುಗಿಸುವ ಗೋಲವೂ, ತರಗತಿಯ ಗೋಡೆಗೆ ತೂಗಹಾಕಿದ ಭೂಪಟವೂ ಈ ಆಸೆಯ ಫಲಗಳೇ ಆಗಿವೆ. ಇದೇ ಆಸೆಯಿಂದ ಹುಟ್ಟಿದ ಒಂದು ಹವ್ಯಾಸವನ್ನು ಕುರಿತು ನಮ್ಮ ವಿದ್ಯಾರ್ಥಿನಿಯರಿಗೆ ನಾಲ್ಕು ಮಾತುಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವು. ನಿಜವಾದ ಯುದ್ಧನೌಕೆಯ ಅಳತೆಗಳನ್ನು ತೆಗೆದುಕೊಂಡು, ಅವೆಲ್ಲವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿ, ಮರ, ರಟ್ಟು, ಪ್ಲಾಸ್ಟಿಕ್, ತಂತಿ, ದಾರ ಮೊದಲಾದವುಗಳಿಂದ ಅದರ ಪ್ರತಿಕೃತಿಯನ್ನು ಕಟ್ಟುವುದೇ ಆ ಹವ್ಯಾಸವು.

ಇದನ್ನು ಓದುವವರಲ್ಲಿ ಎರಡು ಸಂದೇಹಗಳು ಹುಟ್ಟುವುದು ಸಹಜ. ಸಿಂಧನೂರು, ಲಿಂಗಸುಗೂರು, ಮಸ್ಕಿ ಊರುಗಳಿಂದ ಪಶ್ಚಿಮ ಸಮುದ್ರಕ್ಕೆ ನೆಟ್ಟನೆ ಗೆರೆಯೆಳೆದರೂ ಸುಮಾರು 300 ಕಿಲೋಮೀಟರು ದೂರವುಂಟು. ಜೋಳದ ಹೊಲವನ್ನೂ ಭತ್ತದ ಗದ್ದೆಯನ್ನೂ ಕಂಡ ಹುಡುಗಿಯರಿಗೆ ಹಡಗಿನ ಗೊಡವೆ ಏತಕ್ಕೆ ಎಂಬುದು ಮೊದಲನೆಯದು. ಸಮಾಧಾನವನ್ನು ಬೋಧಿಸುವ ಕ್ರೈಸ್ತ ಪಾಠಶಾಲೆಯಲ್ಲಿ ಯುದ್ಧದ ಸಾಧನವನ್ನು ಕೈಯಾರೆ ಕಟ್ಟುವುದು ಉಚಿತವೇ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯೇ ಭಾರವಾದುದು. ಆದರೆ ಮೊದಲು ಈ ವಿದ್ಯೆ ಎಂಥದೆಂಬುದನ್ನು ತಿಳಿದುಕೊಳ್ಳದೆ ಅದಕ್ಕೆ ಉತ್ತರ ಹೇಳಲಾಗದು.

ಆಟಿಕೆಗೂ ಮಾದರಿಗೂ ಇರುವ ಭೇದವು ಅಳತೆಯಲ್ಲಿದೆ. ನಮ್ಮ ಸೀಮೆಯ ಮಕ್ಕಳು ಜೋಳದ ದಂಟಿನಿಂದ ಬಂಡಿಯನ್ನು ಮಾಡಿ ಆಡುತ್ತಾರಷ್ಟೆ. ಆ ಬಂಡಿಯ ಗಾಲಿ ದೊಡ್ಡದಾದರೂ ನೊಗ ಗಿಡ್ಡವಾದರೂ ಆಟಕ್ಕೆ ಕುಂದಿಲ್ಲ. ಮಾದರಿಯಲ್ಲಿ ಹಾಗಲ್ಲ, ಉದ್ದವನ್ನು ನೂರನೆಯ ಒಂದು ಪಾಲಿಗೆ ಇಳಿಸಿದರೆ ಅಗಲವನ್ನೂ ಎತ್ತರವನ್ನೂ ಕಡೆಗೆ ಏಣಿಯ ಮೆಟ್ಟಿಲನ್ನೂ ನೂರನೆಯ ಒಂದು ಪಾಲಿಗೇ ಇಳಿಸತಕ್ಕದ್ದು. ಇದಕ್ಕೆ ಪ್ರಮಾಣವೆಂದು ಹೆಸರು. ಸತ್ಯವೇದದ ಆದಿಕಾಂಡವನ್ನು ಓದಿದವರಿಗೆ ನೋಹನ ನಾವೆಯ ಅಳತೆಗಳು ನೆನಪಿರಬಹುದು: ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ. ಹತ್ತು ಮೊಳಕ್ಕೆ ಒಂದು ಸೆಂಟಿಮೀಟರಿನಂತೆ ತೆಗೆದುಕೊಂಡರೆ, ಉದ್ದ 30, ಅಗಲ 5, ಎತ್ತರ 3 ಸೆಂಟಿಮೀಟರಿನ ಪೆಟ್ಟಿಗೆಯಾಗುವುದು. ಅದನ್ನು ಒಬ್ಬ ಹುಡುಗಿಯು ಮೊಣಕಾಲ ಮೇಲಿಟ್ಟುಕೊಂಡು ನೋಡಬಹುದು; ಆದರೂ ನಾವೆಯ ಆಕಾರದ ಸತ್ಯವು ಅದರಲ್ಲಿ ಕಿಂಚಿತ್ತೂ ಕೆಡುವುದಿಲ್ಲ.

ಇನ್ನು ನಮ್ಮ ರಾಜ್ಯದಲ್ಲಿಯೇ ಇರುವ ಒಂದು ಯುದ್ಧನೌಕೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾರವಾರದಲ್ಲಿ ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತ ಕಡಲತೀರದ ಮರಳಿನ ಮೇಲೆ ‘ಚಪಲ’ವೆಂಬ ಕ್ಷಿಪಣಿ ನೌಕೆಯನ್ನು ತಂದು ನಿಲ್ಲಿಸಿದ್ದಾರೆ. ಅದು 1976ರಲ್ಲಿ ಭಾರತದ ನೌಕಾಪಡೆಯನ್ನು ಸೇರಿ, 2005ರಲ್ಲಿ ನಿವೃತ್ತವಾಗಿ, 2006ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಉದ್ದವು 38.6 ಮೀಟರು, ಅಗಲವು 7.6 ಮೀಟರು, ತೂಕವು ಸುಮಾರು 245 ಟನ್ನು. ಒಂದಕ್ಕೆ ನೂರರ ಪ್ರಮಾಣದಲ್ಲಿ ಅದನ್ನು ಕಟ್ಟಿದರೆ ಮಾದರಿಯ ಉದ್ದವು 38 ಸೆಂಟಿಮೀಟರು 6 ಮಿಲಿಮೀಟರು ಆಗುವುದು. ಅಗಲವು 7 ಸೆಂಟಿಮೀಟರು 6 ಮಿಲಿಮೀಟರು. ಅದರ ಮೇಲೆ ನಿಲ್ಲುವ ನಾವಿಕನು ಒಂದು ಗೋಧಿಯ ಕಾಳಿಗಿಂತ ತುಸು ಎರಡರಷ್ಟು ಎತ್ತರವಾಗಿರುವನು. ಎರಡು ಸೆಂಟಿಮೀಟರು ದಪ್ಪದ ಹಗ್ಗಕ್ಕೆ ನಮ್ಮ ಹೊಲಿಗೆಯ ಪೆಟ್ಟಿಗೆಯ ಸಣ್ಣ ದಾರವೇ ಸರಿಯಾಗುವುದು.

ಇಲ್ಲಿ ಗಣಿತದ ಒಂದು ಚಮತ್ಕಾರವುಂಟು. ಉದ್ದವು ನೂರನೆಯ ಪಾಲಾದರೆ ತೂಕವೂ ನೂರನೆಯ ಪಾಲಾಗುವುದೆಂದು ಅನೇಕರು ತಿಳಿಯುವರು, ಅದು ತಪ್ಪು. ಉದ್ದ, ಅಗಲ, ಎತ್ತರ ಮೂರೂ ನೂರುನೂರು ಪಾಲು ಕುಗ್ಗುವುದರಿಂದ ಘನಪರಿಮಾಣವು ಹತ್ತು ಲಕ್ಷದ ಒಂದು ಪಾಲಾಗುವುದು. ಚಪಲದ 245 ಟನ್ನು ಎಂದರೆ 2,45,000 ಕಿಲೋಗ್ರಾಮು. ಅದನ್ನು ಹತ್ತು ಲಕ್ಷದಿಂದ ಭಾಗಿಸಿದರೆ 245 ಗ್ರಾಮು, ಎಂದರೆ ಕಾಲು ಕಿಲೋ ಬೇಳೆಗಿಂತ ತುಸು ಕಡಿಮೆ. ಮಾದರಿಯು ನಿಜವಾದ ಹಡಗಿನಂತೆ ತನ್ನ ನೀರಿನ ಗೆರೆಗೆ ಸರಿಯಾಗಿ ತೇಲಬೇಕಾದರೆ ಅದರ ತೂಕವು ಇಷ್ಟೇ ಇರತಕ್ಕದ್ದು. ಸೂಕ್ಷ್ಮವಾಗಿ ನೋಡಿದರೆ, ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರವಾದುದರಿಂದ, ನಮ್ಮ ಕೊಪ್ಪರಿಗೆಯ ನೀರಿನಲ್ಲಿ ಬಿಡುವ ಮಾದರಿಯು ಇನ್ನೂ ಆರು ಗ್ರಾಮು ಹಗುರವಾಗಿರಬೇಕು. ಪುಸ್ತಕದಲ್ಲಿ ಕಲಿತ ಆರ್ಕಿಮಿಡೀಸನ ನಿಯಮವು ಹೀಗೆ ಕೈಗೆ ಬರುವಾಗ ಹುಡುಗಿಯರು ಅದನ್ನು ಜನ್ಮದಲ್ಲಿ ಮರೆಯಲಾರರು.

ಈ ಲೆಕ್ಕಗಳು ಕೇವಲ ವಿನೋದಕ್ಕಾಗಿ ಹುಟ್ಟಿದವುಗಳಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿಯ ಮಗನಾದ ವಿಲಿಯಂ ಫ್ರೌಡನೆಂಬ ಇಂಜಿನಿಯರನು 1872ರಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದವಾದ ನೀರಿನ ತೊಟ್ಟಿಯನ್ನು ಕಟ್ಟಿಸಿ, ಮೇಣದಿಂದ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆಯಿಸಿ, ನೀರು ಅವುಗಳನ್ನು ಎಷ್ಟು ತಡೆಯುವುದೆಂಬುದನ್ನು ಅಳೆದನು. ಮೇಣವಾದರೆ ಬೇಕಾದಂತೆ ಕೆತ್ತಿ ತಿದ್ದಬಹುದಷ್ಟೆ. ಮಾದರಿಯ ವೇಗವನ್ನು ಪ್ರಮಾಣದ ವರ್ಗಮೂಲದಂತೆ ತಗ್ಗಿಸಿದರೆ ಅದು ಎಬ್ಬಿಸುವ ಅಲೆಗಳು ದೊಡ್ಡ ಹಡಗಿನ ಅಲೆಗಳನ್ನು ಹೋಲುವುವೆಂದು ಅವನು ತೋರಿಸಿದನು. ನೂರರ ವರ್ಗಮೂಲವು ಹತ್ತು. ಆದಕಾರಣ ಗಂಟೆಗೆ 68 ಕಿಲೋಮೀಟರು ಓಡುವ ಚಪಲದ ಮಾದರಿಯು ಗಂಟೆಗೆ 6.8 ಕಿಲೋಮೀಟರು, ಎಂದರೆ ಬಿರುಸಾಗಿ ನಡೆಯುವವಳ ವೇಗದಲ್ಲಿ ಹೋದರೆ ಸಾಕು. ಈಗಲೂ ದೊಡ್ಡ ಹಡಗನ್ನು ಕಟ್ಟುವ ಮೊದಲು ಅದರ ಮಾದರಿಯನ್ನು ಇಂಥ ತೊಟ್ಟಿಯಲ್ಲಿ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ವಿಶಾಖಪಟ್ಟಣದಲ್ಲಿರುವ ನೌಕಾ ಪ್ರಯೋಗಶಾಲೆಯ ತೊಟ್ಟಿಯು 500 ಮೀಟರು ಉದ್ದವಾಗಿದೆ.

ಕನ್ನಡ ನಾಡಿನ ಚರಿತ್ರೆಯಲ್ಲಿಯೂ ಮಾದರಿ ಹಡಗಿನ ಪ್ರಸ್ತಾಪವುಂಟು. ಟೀಪೂ ಸುಲ್ತಾನನು 1796ರಲ್ಲಿ 20 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಬೇಕೆಂದು ಆಜ್ಞೆಮಾಡಿ, ಮಂಗಳೂರು, ಮಿರ್ಜಾನಿನ ಸಮೀಪ, ಕಾರವಾರದ ಬಳಿಯ ಸದಾಶಿವಗಡ ಈ ಮೂರು ಸ್ಥಳಗಳನ್ನು ಅದಕ್ಕಾಗಿ ಗೊತ್ತುಮಾಡಿದನು. ಹಡಗುಗಳ ಮಾದರಿಯನ್ನು ತಾನೇ ಒದಗಿಸಿದನೆಂದೂ ಚರಿತ್ರಕಾರರು ಬರೆದಿದ್ದಾರೆ. ಮೂರು ವರುಷಗಳೊಳಗೆ, 1799ರಲ್ಲಿ, ಅವನು ಶ್ರೀರಂಗಪಟ್ಟಣದಲ್ಲಿ ಮಡಿದುದರಿಂದ ಆ ಸಂಕಲ್ಪವು ಕೈಗೂಡಲಿಲ್ಲ. ನೂರಾರು ಮೈಲಿ ಆಚೆಯಿರುವ ಬಡಗಿಗೆ ತನ್ನ ಮನಸ್ಸಿನಲ್ಲಿರುವುದನ್ನು ತಪ್ಪಿಲ್ಲದೆ ತಿಳಿಸಬೇಕಾದರೆ ಬರೆಹಕ್ಕಿಂತ ಮಾದರಿಯೇ ಮೇಲೆಂಬುದನ್ನು ಈ ಸಂಗತಿಯು ತೋರಿಸುತ್ತದೆ.

ಈಗ ಈ ಹವ್ಯಾಸವು ಲೋಕದ ನಾನಾ ದೇಶಗಳಲ್ಲಿ ಹಬ್ಬಿದೆ. ಜಪಾನಿನ ಶಿಜುವೋಕಾ ಪಟ್ಟಣದ ತಯಾರಕರು 1971ರಲ್ಲಿ ಒಂದಕ್ಕೆ ಏಳುನೂರರ ಪ್ರಮಾಣದಲ್ಲಿ, ನೀರಿನ ಗೆರೆಯ ಮೇಲಿನ ಭಾಗವನ್ನು ಮಾತ್ರ ತೋರಿಸುವ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಗಳನ್ನು ಮಾರಲು ಆರಂಭಿಸಿದರು. ಎಲ್ಲರೂ ಒಂದೇ ಪ್ರಮಾಣವನ್ನು ಹಿಡಿದುದರಿಂದ ಬೇರೆ ಬೇರೆ ಹಡಗುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಸೌಕರ್ಯವಾಯಿತು. ಆ ಪ್ರಮಾಣದಲ್ಲಿ ಚಪಲವು ಐದೂವರೆ ಸೆಂಟಿಮೀಟರು. 2022ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯನ್ನು ಸೇರಿದ, 262 ಮೀಟರು ಉದ್ದದ ವಿಮಾನವಾಹಕ ‘ವಿಕ್ರಾಂತ’ವು 37 ಸೆಂಟಿಮೀಟರು ಚಿಲ್ಲರೆ. ಎರಡನ್ನೂ ಒಂದೇ ಹಲಗೆಯ ಮೇಲಿಟ್ಟರೆ ಸಾವಿರ ಮಾತುಗಳಿಂದ ತಿಳಿಯದುದು ಒಂದೇ ನೋಟಕ್ಕೆ ತಿಳಿಯುವುದು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ವಿದ್ಯಾರ್ಥಿಗಳಿಗೆ ಕ್ರಮವಾಗಿ ಕಲಿಸುತ್ತಿರುವುದು ರಾಷ್ಟ್ರೀಯ ಕೆಡೆಟ್ ದಳದ ನೌಕಾವಿಭಾಗವು. ಆ ದಳವು 1948ರಲ್ಲಿ ಹುಟ್ಟಿತು. 1949ರಲ್ಲಿ ಹುಡುಗಿಯರಿಗೂ, 1952ರಲ್ಲಿ ನೌಕಾವಿಭಾಗಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಹುಟ್ಟುಹಾಕುವುದು, ಬಾವುಟದ ಸಂಜ್ಞೆ ಮೊದಲಾದವುಗಳೊಡನೆ ಹಡಗಿನ ಮಾದರಿಗಳ ಸ್ಪರ್ಧೆಯೂ ನಡೆಯುತ್ತದೆ. ಕೆಲವು ವರುಷ ಈ ಶಿಬಿರವು ಕಾರವಾರದಲ್ಲಿಯೇ ಸೇರಿತ್ತು.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲು ಹಡಗಿನ ಮೂರು ನಕ್ಷೆಗಳು ಬೇಕು: ಪಕ್ಕದಿಂದ ಕಂಡಂತೆ ಒಂದು, ಮೇಲಿನಿಂದ ಕಂಡಂತೆ ಒಂದು, ಅಡ್ಡವಾಗಿ ಸೀಳಿದಂತೆ ಒಂದು. ನಕ್ಷೆಯ ಪ್ರಕಾರ ಹಡಗಿನ ಬೆನ್ನೆಲುಬಿನಂತಿರುವ ಅಡಿಮರವನ್ನು ಕತ್ತರಿಸಿ, ಅದಕ್ಕೆ ಪಕ್ಕೆಲುಬುಗಳನ್ನು ಸಮದೂರದಲ್ಲಿ ಜೋಡಿಸಬೇಕು. ಅವು ಒಂದಕ್ಕೊಂದು ನೇರವಾಗಿವೆಯೇ ಎಂದು ಕಣ್ಣಿಟ್ಟು ನೋಡಿ, ಅಂಟು ಒಣಗಿದ ತರುವಾಯ ತೆಳುವಾದ ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ಹೊದಿಸಬೇಕು. ಒಂದೇ ಪಕ್ಕವನ್ನು ಮುಗಿಸಿಬಿಟ್ಟರೆ ಒಡಲು ಆ ಕಡೆಗೆ ಸೊಟ್ಟಗಾಗುವುದು. ಆ ಬಳಿಕ ಉಪ್ಪುಕಾಗದದಿಂದ ಉಜ್ಜಿ ನುಣುಪುಮಾಡಿ ಬಣ್ಣ ಹಚ್ಚುವುದು. ಕ್ಷಿಪಣಿಯ ಪೆಟ್ಟಿಗೆ, ಕಂಬ, ಕಟಕಟೆ ಮೊದಲಾದ ಸಣ್ಣ ಭಾಗಗಳನ್ನು ಬೇರೆಯಾಗಿ ಮಾಡಿ ಕಡೆಯಲ್ಲಿ ಕೂಡಿಸುವುದು. ಬಾಲ್ಸಾ ಮರವು ಸಿಕ್ಕದಿದ್ದರೆ ಚಿಂತೆಯಿಲ್ಲ. ಹಳೆಯ ನೋಟುಪುಸ್ತಕದ ರಟ್ಟು, ಗುಂಡುಸೂಜಿ, ದಾರ ಇಷ್ಟರಿಂದಲೇ ಒಳ್ಳೆಯ ಮಾದರಿಯಾಗಬಲ್ಲುದು. ನಮಗೆ ನೆರೆಯ ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನೇ ಕೆತ್ತಿ ಬಣ್ಣ ಹಾಕಿ ಹೆಸರು ಪಡೆದಿಲ್ಲವೆ? ಬೇಕಾದುದು ಬೆಲೆಬಾಳುವ ಸಾಮಗ್ರಿಯಲ್ಲ, ತಾಳ್ಮೆ. ಒಂದು ಪಕ್ಕೆಲುಬು ಎರಡು ಮಿಲಿಮೀಟರು ತಪ್ಪಿದರೆ ನಿಜವಾದ ಹಡಗಿನಲ್ಲಿ ಇಪ್ಪತ್ತು ಸೆಂಟಿಮೀಟರು ತಪ್ಪಿದಂತೆ. ಬಣ್ಣದಿಂದ ಅದನ್ನು ಮುಚ್ಚಬಹುದು, ಆದರೆ ನೀರಿಗೆ ಬಿಟ್ಟೊಡನೆ ಮಾದರಿಯು ವಾಲಿ ಗುಟ್ಟನ್ನು ಹೊರಗೆಡಹುವುದು. ಯಾರೂ ನೋಡದ ಒಳಭಾಗದಲ್ಲಿಯೂ ಪ್ರಾಮಾಣಿಕತೆಯಿಂದಿರಬೇಕೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಕೈಕೆಲಸಗಳು ವಿರಳ.

ಇನ್ನು ಮುಂದೂಡಿದ್ದ ಪ್ರಶ್ನೆಗೆ ಬರೋಣ. ಯುದ್ಧನೌಕೆಯು ಕೊಲ್ಲುವುದಕ್ಕಾಗಿ ಕಟ್ಟಲ್ಪಟ್ಟ ವಸ್ತು. ಇದನ್ನು ಮರೆಮಾಚಿ ಅದರ ಅಂದವನ್ನು ಮಾತ್ರ ಹೊಗಳುವುದು ಸತ್ಯವಲ್ಲ. ಚಪಲದ ಕುಲಕ್ಕೇ ಸೇರಿದ ನಿಪಾತ, ನಿರ್ಘಾತ, ವೀರ ಎಂಬ ಮೂರು ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದಾಗ ಎದುರಾಳಿಯ ಹಡಗುಗಳು ಅನೇಕ ನಾವಿಕರೊಡನೆ ಮುಳುಗಿದವು. ಐದು ದಿವಸಗಳ ತರುವಾಯ, ಡಿಸೆಂಬರ್ 9ರಂದು, ನಮ್ಮ ‘ಖುಕ್ರಿ’ ಎಂಬ ಹಡಗು ದೀವ್ ಸಮೀಪದಲ್ಲಿ ಮುಳುಗಿ, ನಾಯಕನಾದ ಮಹೇಂದ್ರನಾಥ ಮುಲ್ಲಾರವರೂ ಸೇರಿದಂತೆ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಪ್ರಾಣ ಬಿಟ್ಟರು. ಇಂದು ದೀವ್ ದ್ವೀಪದಲ್ಲಿ ಸಮುದ್ರಕ್ಕೆದುರಾಗಿ, ಗಾಜಿನ ಮನೆಯೊಳಗೆ, ಖುಕ್ರಿಯ ಮಾದರಿಯೊಂದನ್ನು ಸ್ಮಾರಕವಾಗಿ ಇರಿಸಿದ್ದಾರೆ. ಆ ಮಾದರಿಯು ಯಾರನ್ನೂ ಹೆದರಿಸುವುದಿಲ್ಲ. ಹಿಂದಿರುಗದವರನ್ನು ನೆನಪಿಗೆ ತರುವುದು. ಡೆನ್ಮಾರ್ಕ್ ದೇಶದ ಚರ್ಚುಗಳಲ್ಲಿಯೂ ನಾವಿಕರು ಕಾಣಿಕೆಯಾಗಿ ಕೊಟ್ಟ ಮಾದರಿ ಹಡಗುಗಳನ್ನು ಮಾಡಿಗೆ ತೂಗಹಾಕುವ ಪದ್ಧತಿಯುಂಟು. ಅವುಗಳಲ್ಲಿ ಹಲವು ಫಿರಂಗಿಗಳ ಸಾಲುಳ್ಳ ಯುದ್ಧನೌಕೆಗಳೇ. ಆ ಸಭೆಯವರು ಅವುಗಳ ಕೆಳಗೆ ಕುಳಿತು ಪ್ರಾರ್ಥಿಸುವರು.

ನಮಗಾದರೋ ಇದನ್ನು ಕಲಿಯಲು ಡೆನ್ಮಾರ್ಕಿನವರೆಗೆ ಹೋಗಬೇಕಾದುದಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡುಬಂದ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಯಾರೆಂಬುದು ನಿಶ್ಚಯವಾಯಿತು. ಕಳಿಂಗದ ಯುದ್ಧದಲ್ಲಿ ಗೆದ್ದವನೂ, ಸತ್ತವರ ಲೆಕ್ಕವನ್ನು ತಾನೇ ಕಲ್ಲಿನಲ್ಲಿ ಕೆತ್ತಿಸಿ ಅದಕ್ಕಾಗಿ ದುಃಖಪಟ್ಟವನೂ ಆ ಅರಸನೇ. ಯುದ್ಧದ ಅಳತೆಯನ್ನು ತಿಳಿಯದವನು ಅದಕ್ಕಾಗಿ ದುಃಖಪಡಲಾರನು. ಹಡಗನ್ನು ಅಳೆದು ಕಟ್ಟಿದ ಹುಡುಗಿಗೆ ಅದರೊಳಗೆ ಎಷ್ಟು ಮಂದಿ ಇಕ್ಕಟ್ಟಿನಲ್ಲಿ ಮಲಗುವರು, ಮೇಲೇರುವ ಏಣಿ ಎಷ್ಟು ಕಿರಿದು, ನೀರು ನುಗ್ಗಿದರೆ ತಪ್ಪಿಸಿಕೊಳ್ಳುವ ದಾರಿ ಎಷ್ಟು ಕಡಿಮೆ ಎಂಬುದು ತಿಳಿಯುವುದು. ಯುದ್ಧವನ್ನು ಜಯಘೋಷದಿಂದ ಮಾತ್ರ ಬಲ್ಲವರಿಗಿಂತ ಅವಳು ಸಮಾಧಾನಕ್ಕೆ ಹತ್ತಿರವಾಗಿರುವಳೆಂದು ನನ್ನ ನಂಬಿಕೆ. ಆದಕಾರಣ ಈ ಕೆಲಸವು ನಮ್ಮ ಪಾಠಶಾಲೆಗೆ ಅನುಚಿತವೆಂದು ನನಗೆ ತೋರುವುದಿಲ್ಲ. ಆದರೆ ಮಾದರಿಯ ಪೀಠದ ಮೇಲೆ ಹಡಗಿನ ಹೆಸರಿನೊಡನೆ ಅದರ ಕಥೆಯನ್ನೂ ಬರೆಯತಕ್ಕದ್ದು.

ವಿದ್ಯಾರ್ಥಿನಿಯರೇ, ಸಮುದ್ರವು ದೂರವಿದೆಯೆಂದು ಹಿಂಜರಿಯಬೇಡಿರಿ. ಕೃಷ್ಣೆಯಲ್ಲಿ ಜನರನ್ನು ದಾಟಿಸುವ ಹರಿಗೋಲಿನಿಂದ ಪ್ರಾರಂಭಿಸಿರಿ: ಅದರ ಬಾಯಿಯ ಅಗಲವನ್ನೂ ಆಳವನ್ನೂ ಹಿರಿಯರಿಂದ ಅಳೆಯಿಸಿಕೊಂಡು, ಹತ್ತನೆಯ ಪಾಲಿನಲ್ಲಿ ಬಿದಿರಿನ ಸೀಳುಗಳಿಂದ ಹೆಣೆಯಿರಿ. ಅದು ನೆಟ್ಟಗೆ ತೇಲಿದ ಮೇಲೆ ನೋಹನ ನಾವೆ, ಅದರ ಮೇಲೆ ಚಪಲ. ತೇಲಿಸಿ ನೋಡುವುದಕ್ಕೆ ಬಟ್ಟೆ ಒಗೆಯುವ ಕೊಪ್ಪರಿಗೆ ಸಾಕು. ತುಂಗಭದ್ರೆಯ ಕಾಲುವೆಗೆ ಮಾತ್ರ ಇಳಿಯಕೂಡದು, ಅದರ ಸೆಳವು ಬಲವಾದುದು. ಎಂದಾದರೂ ಕಾರವಾರಕ್ಕೆ ಹೋಗುವ ಭಾಗ್ಯವು ಒದಗಿದಾಗ, ಮರಳಿನ ಮೇಲೆ ನಿಂತ ಆ ಹಡಗನ್ನು ನೀವು ಅಪರಿಚಿತರಂತೆ ನೋಡದೆ, ಅದರ ಒಂದೊಂದು ಅಳತೆಯನ್ನೂ ಬಲ್ಲವರಾಗಿ ನೋಡುವಿರಿ. ಚಿಕ್ಕ ಕೆಲಸದಲ್ಲಿ ನಂಬಿಗಸ್ತರಾಗಿರುವ ಕೈಗಳಿಗೆ ಕರ್ತನು ಮುಂದೆ ದೊಡ್ಡ ಕೆಲಸಗಳನ್ನು ಒಪ್ಪಿಸಲೆಂದು ಹಾರೈಸುವೆನು.