ನಾಯಿಗೂ ಬರುತ್ತದೆ ಕ್ಯಾನ್ಸರ್, ವಾಸಿಯೂ ಆಗುತ್ತದೆ

“ನಾಯಿಗ್ಯಾಕ ಕ್ಯಾನ್ಸರ್ ಬರ್ತದ್ರಿ? ಬೆದಿಗಿ ಬಂದಿರ್ಬೇಕು ಬಿಡ್ರಿ.” ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಊರಲ್ಲಿ ಹೊಲ ಕಾಯುವ ನಾಯಿಯ ಹಿಂಭಾಗದಿಂದ ರಕ್ತ ಹನಿಯುವುದು ಕಂಡರೆ ಇಂಥ ಮಾತು ಸಹಜ. ಗಂಡು ನಾಯಿಯಾದರೆ ಮುಳ್ಳು ಚುಚ್ಚಿದೆ ಎನ್ನುತ್ತಾರೆ. ಆದರೆ ಬೆದೆಯ ರಕ್ತ ಎರಡು ಮೂರು ವಾರದಲ್ಲಿ ನಿಲ್ಲಬೇಕು. ನಿಲ್ಲದೆ, ಜನನಾಂಗದಲ್ಲಿ ಹೂಕೋಸಿನಂಥ ಕೆಂಪು ಗಡ್ಡೆ ಕಂಡರೆ ಅದು ಬಹುಮಟ್ಟಿಗೆ ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್. ನಮ್ಮ ದೇಶದ ಬೀದಿನಾಯಿಗಳಲ್ಲಿ ಇದು ತೀರ ಸಾಮಾನ್ಯ.

ಇದನ್ನು ಹರಡುವುದು ಕ್ರಿಮಿಯಲ್ಲ, ವೈರಸ್ಸೂ ಅಲ್ಲ. ನಾಯಿಗಳು ಕೂಡುವಾಗ, ನೆಕ್ಕುವಾಗ, ಮೂಸುವಾಗ ಜೀವಂತ ಕ್ಯಾನ್ಸರ್ ಕೋಶಗಳೇ ಇನ್ನೊಂದು ನಾಯಿಗೆ ಅಂಟಿ ಬೆಳೆಯುತ್ತವೆ. ರಷ್ಯಾದ ಪಶುವೈದ್ಯ ನೊವಿನ್ಸ್ಕಿ 1876ರಲ್ಲೇ ಈ ಗಡ್ಡೆಯ ತುಣುಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿ ಮಾಡಿ ತೋರಿಸಿದ್ದ. ಲೋಕದ ನಾನಾ ಕಡೆಯ 500ಕ್ಕೂ ಹೆಚ್ಚು ಗಡ್ಡೆಗಳನ್ನು ಪರೀಕ್ಷಿಸಿದ 2019ರ ಅಧ್ಯಯನದ ಪ್ರಕಾರ ಇವೆಲ್ಲಕ್ಕೂ ಮೂಲ, ಸಾವಿರಾರು ವರ್ಷಗಳ ಹಿಂದೆ ಏಷ್ಯಾದಲ್ಲಿದ್ದ ಒಂದೇ ಒಂದು ನಾಯಿ. ಮನುಷ್ಯರಿಗೆ ಇದು ಅಂಟುವುದಿಲ್ಲ. ಮಕ್ಕಳಿಗೆ ಬಂದೀತೆಂದು ಹೆದರಿ ನಾಯಿಯನ್ನು ಊರಾಚೆ ಬಿಟ್ಟು ಬರುವುದು ಅನ್ಯಾಯ. ಅಲ್ಲಿ ಅದು ಇನ್ನಷ್ಟು ನಾಯಿಗಳಿಗೆ ರೋಗ ಹಂಚುತ್ತದೆ, ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು ಬೇರೆ: ಇದು ವಾಸಿಯಾಗುವ ಕ್ಯಾನ್ಸರ್. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಎಂಬ ಕಿಮೋ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಗಡ್ಡೆ ಕರಗಿಹೋಗುತ್ತದೆ. ಈ ಔಷಧ ತಯಾರಾಗುವುದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಹಾಗೆಂದು ಎಲೆ ಅರೆದು ಕುಡಿಸಬೇಡಿ, ಆ ಗಿಡ ವಿಷ. ಶುದ್ಧ ಔಷಧವೇ ನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಹಾಗಾಗಿ ಅದು ವೈದ್ಯರ ಕೈಯಲ್ಲೇ ಆಗಬೇಕು. ಊರಿನ ದನದ ದವಾಖಾನೆಯಲ್ಲಿ ಆಗದಿದ್ದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯ ಕಾಲೇಜಿದೆ.

“ಕಿಮೋ ಕೊಟ್ರ ಕೂದಲೆಲ್ಲ ಉದುರಿ ನರಳಿ ಸಾಯ್ತದ” ಎಂಬ ಭಯವೂ ಇದೆ. ನಾಯಿಗೆ ಕೊಡುವ ಪ್ರಮಾಣವನ್ನು ಅದು ನೆಮ್ಮದಿಯಾಗಿರಲಿ ಎಂದೇ ತಗ್ಗಿಸಿರುತ್ತಾರೆ. ಹೆಚ್ಚಿನ ನಾಯಿಗಳ ಕೂದಲು ಉದುರುವುದಿಲ್ಲ. ಕೆಲವು ಒಂದೆರಡು ದಿನ ಊಟ ಬಿಡುತ್ತವೆ. ಬಿಳಿ ರಕ್ತಕಣ ಇಳಿಯಬಹುದಾದ್ದರಿಂದ ಸೂಜಿಗೆ ಮುಂಚೆ ರಕ್ತ ಪರೀಕ್ಷೆ ಬೇಕು. ಸೂಜಿಯಾದ ಕೆಲವು ದಿನ ನಾಯಿಯ ಮಲಮೂತ್ರವನ್ನು ಕೈಗವಸು ಹಾಕಿಕೊಂಡೇ ತೆಗೆಯಿರಿ, ಬಸುರಿಯರು ಮುಟ್ಟುವುದು ಬೇಡ.

ಎಲ್ಲ ಗಡ್ಡೆಯೂ ಹೀಗೆ ಕರಗುವುದಿಲ್ಲ. ಹೆಣ್ಣು ನಾಯಿಯ ಮೊಲೆಯ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರೇ. ಅರಿಶಿಣ ಹಚ್ಚುತ್ತ ಕಾಯುವುದರೊಳಗೆ ಅದು ಶ್ವಾಸಕೋಶ ಸೇರಬಹುದು. ಕಡಲೆಕಾಳಿನಷ್ಟಿದ್ದಾಗಲೇ ಕತ್ತರಿಸಿ ತೆಗೆಸಬೇಕು.

ವಾಸಿಯಾಗದು ಎಂದು ಗೊತ್ತಾದ ಮೇಲೂ ಮಾಡುವ ಕೆಲಸ ಬಹಳ. “ಕುಂಯ್ ಅನ್ನಲ್ಲ, ಅಂದ್ರ ನೋವಿಲ್ಲ” ಎಂಬುದು ತಪ್ಪು; ನಾಯಿ ನೋವು ಮುಚ್ಚಿಡುತ್ತದೆ. ನೆರಳಲ್ಲಿ ಕೂತೂ ಏದುಸಿರು, ಮಲಗಲಾರದೆ ಮತ್ತೆ ಮತ್ತೆ ಏಳುವುದು, ಒಂದೇ ಜಾಗ ನೆಕ್ಕುವುದು ಅದರ ಗುರುತು. ಆಗ ಮೆಡಿಕಲ್ ಅಂಗಡಿಯ ನಮ್ಮ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡ ಕೆಡಿಸುತ್ತವೆ. ನಾಯಿಗೆ ಒಗ್ಗುವ ನೋವಿನ ಔಷಧ ಬೇರೆ ಇವೆ, ವೈದ್ಯರು ಬರೆದುಕೊಡುತ್ತಾರೆ. ರೊಟ್ಟಿ ಮೂಸಿ ಬಿಟ್ಟರೆ ಬೇಯಿಸಿದ ಮೊಟ್ಟೆ, ಉಪ್ಪು ಖಾರವಿಲ್ಲದ ಮಾಂಸದ ರಸ ಉಗುರುಬೆಚ್ಚಗೆ ಕೊಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಪಲ್ಯ ಬೇಡ.

ಖಾನಾಪುರದ ಮೈಲಾರ ಮಲ್ಲಣ್ಣನನ್ನು ನಂಬಿದ ಮನೆಗಳಲ್ಲಿ ನಾಯಿ ದೇವರದ್ದು. ನರಳುವ ನಾಯಿಯನ್ನು ಸೂಜಿ ಹಾಕಿ ಚಿರನಿದ್ರೆಗೆ ಕಳಿಸುವುದು ಪಾಪವೆಂದು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಆ ಸೂಜಿ ಹಿಂಸೆಯಲ್ಲ. ಅರಿವಳಿಕೆ ಮದ್ದನ್ನೇ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಎಚ್ಚರ ತಪ್ಪುತ್ತದೆ, ಉಸಿರು ನಿಲ್ಲುವುದು ಆಮೇಲೆ. ಯಾವ ಔಷಧಕ್ಕೂ ತಗ್ಗದ ನೋವಿನಲ್ಲಿ ನಾಯಿ ದಿನ ದೂಡುವಂತೆ ಮಾಡುವುದಕ್ಕಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ಹೊಲದಲ್ಲಿ ಹೂಳುವುದಾದರೆ ಬಾವಿ, ಹಳ್ಳದಿಂದ ದೂರ, ಆಳವಾಗಿ ಹೂಳಿ. ಆ ಮದ್ದು ದೇಹದಲ್ಲೇ ಉಳಿದಿರುತ್ತದೆ, ಕೆದಕಿ ತಿಂದ ಬೇರೆ ನಾಯಿಯೋ ಹದ್ದೋ ಸಾಯಬಹುದು.